ಕಾರು ಅಲ್ಲಿ, ವಿಮಾನ ಇಲ್ಲಿ: ಏರ್‌ಪೋರ್ಟ್ ಪಾರ್ಕಿಂಗ್ ಶಟಲ್ ಬಸ್ಸಿನ ಕಥೆ

ಅಮೆರಿಕದಲ್ಲಿ ಮನೆಯಿಂದ ಸ್ವಂತ ಕಾರಿನಲ್ಲೇ ವಿಮಾನ ನಿಲ್ದಾಣಕ್ಕೆ ಹೋಗಿ, ಕಾರನ್ನು ಅಲ್ಲೇ ನಾಲ್ಕೆಂಟು ದಿನ ಬಿಟ್ಟು, ವಾಪಸು ಬಂದು ಓಡಿಸಿಕೊಂಡು ಹೋಗುವುದು ಮಾಮೂಲು. ಟರ್ಮಿನಲ್ ಎದುರಿನ ಗ್ಯಾರೇಜಿನಲ್ಲಿ ಅಷ್ಟು ದಿನ ಬಿಟ್ಟರೆ ಕೆಲವೊಮ್ಮೆ ವಿಮಾನದ ಟಿಕೆಟಿಗಿಂತ ಪಾರ್ಕಿಂಗ್ ಬಿಲ್ಲೇ ಜಾಸ್ತಿ. ಅದಕ್ಕೇ ಜನ ಒಂದೆರಡು ಮೈಲಿ ಆಚೆ, ಎಕಾನಮಿ ಲಾಟ್ ಅನ್ನುವ ಬಯಲಲ್ಲಿ ಕಡಿಮೆ ದರಕ್ಕೆ ಕಾರು ನಿಲ್ಲಿಸುತ್ತಾರೆ. ಅಲ್ಲಿಂದ ಟರ್ಮಿನಲ್‌ಗೆ ಹೊತ್ತು ಹಾಕುವುದು ಶಟಲ್ ಬಸ್ಸಿನ ಕೆಲಸ.

ಇದಕ್ಕೆ ಟಿಕೆಟ್ ಇಲ್ಲ, ದೂರವೂ ಹೆಚ್ಚಿಲ್ಲ. ಆದರೂ ಹದಿನೈದು ಗಂಟೆ ವಿಮಾನದಲ್ಲಿ ಮುದುಡಿ ಕೂತು ಬಂದವರು ಮನೆ ಸೇರಿದ ಮೇಲೆ ದೂರುವುದು ವಿಮಾನವನ್ನಲ್ಲ, ಕೊನೆಯ ಮೂರು ಕಿಲೋಮೀಟರಿನ ಈ ಬಸ್ಸನ್ನು. ಸಿಟ್ಟಿಗೆ ಕಾರಣವಿದೆ. ಪಾರ್ಕಿಂಗಿನ ಬೋರ್ಡಿನಲ್ಲಿ ದಿನಕ್ಕೆ ಎಷ್ಟು ಡಾಲರ್ ಎಂದು ಬರೆದಿರುತ್ತಾರೆ, ಎಷ್ಟು ನಿಮಿಷ ಎಂದು ಬರೆದಿರುವುದಿಲ್ಲ. ಉಳಿಸಿದೆವು ಅಂದುಕೊಂಡ ದುಡ್ಡಿನಲ್ಲಿ ಒಂದು ಪಾಲನ್ನು ಪ್ರಯಾಣಿಕರು ಕಾಯುವುದರಲ್ಲಿ ತೆರುತ್ತಾರೆ. ಆ ಪಾಲು ಎಷ್ಟೆಂದು ಮೊದಲೇ ಹೇಳುವ ಜವಾಬ್ದಾರಿ ಯಾರ ಮೇಲೂ ಇಲ್ಲ.

ಕಾರು ದೂರ ಸರಿದದ್ದು ಹೀಗೆ

ಕಾರು ಮತ್ತು ವಿಮಾನದ ನಡುವೆ ಇಷ್ಟು ಅಂತರ ಬರುತ್ತದೆ ಎಂದು ನಿಲ್ದಾಣ ಕಟ್ಟಿದವರು ಎಣಿಸಿರಲಿಲ್ಲ. ಎಣಿಸಿದ್ದು ಇದಕ್ಕೆ ಪೂರ್ತಿ ವಿರುದ್ಧವಾದದ್ದು. ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ 1972ರಲ್ಲಿ ತೆರೆದ ವಿಮಾನ ನಿಲ್ದಾಣವನ್ನು ನೋಡಿ. ಕುದುರೆ ಲಾಳದ ಆಕಾರದ ಮೂರು ಟರ್ಮಿನಲ್‌ಗಳು, ಪ್ರತಿಯೊಂದರ ಒಳಮಗ್ಗುಲಲ್ಲಿ ಪಾರ್ಕಿಂಗ್, ಹೊರಮಗ್ಗುಲಲ್ಲಿ ವಿಮಾನಗಳು. ಕಾರಿನಿಂದ ಇಳಿದು ಕೆಲವೇ ಹೆಜ್ಜೆ ಹಾಕಿದರೆ ಗೇಟು. ನಿಮ್ಮ ಗೇಟಿನ ಬಾಗಿಲವರೆಗೂ ಕಾರು ಎಂಬುದೇ ಅದರ ಹೆಮ್ಮೆಯಾಗಿತ್ತು.

ಆ ಹೆಮ್ಮೆ ಉಳಿದದ್ದು ಕೆಲವೇ ತಿಂಗಳು. ವಿಮಾನ ಅಪಹರಣಗಳ ಹಾವಳಿಯಿಂದಾಗಿ 1973ರ ಜನವರಿಯಿಂದ ಅಮೆರಿಕದಲ್ಲಿ ಪ್ರತಿ ಪ್ರಯಾಣಿಕನನ್ನೂ ತಪಾಸಣೆ ಮಾಡುವುದು ಕಡ್ಡಾಯವಾಯಿತು. ಉದ್ದಕ್ಕೂ ಬಾಗಿಲುಗಳಿದ್ದ ತೆಳುವಾದ ಕಟ್ಟಡದಲ್ಲಿ ತಪಾಸಣೆಯ ಸಾಲಿಗೆ ಜಾಗವೇ ಇರಲಿಲ್ಲ. ಗಾಜಿನ ಗೋಡೆಗಳನ್ನು ಎಬ್ಬಿಸಿ, ಗುಂಪುಗುಂಪಾಗಿ ಗೇಟುಗಳನ್ನು ಬೇಲಿ ಹಾಕಿದಂತೆ ಕಟ್ಟಿ, ಹೇಗೋ ಐವತ್ತು ವರ್ಷ ನಡೆಸಿದರು. 2023ರ ಫೆಬ್ರವರಿಯಲ್ಲಿ ಅಲ್ಲಿ ಹೊಸ ಟರ್ಮಿನಲ್ ತೆರೆಯಿತು. ಅದು ಎಲ್ಲರೂ ಕಟ್ಟುವಂಥದ್ದೇ: ಒಂದು ದೊಡ್ಡ ಕಟ್ಟಡ, ಎದುರಿಗೆ ಗ್ಯಾರೇಜು, ಆಚೆಗೆ ಎಕಾನಮಿ ಲಾಟು, ನಡುವೆ ಶಟಲ್ ಬಸ್ಸು.

ತಪಾಸಣೆ ಒಂದು ಕಡೆಯಿಂದ ತಳ್ಳಿದರೆ ಬಾಂಬಿನ ಭಯ ಇನ್ನೊಂದು ಕಡೆಯಿಂದ ತಳ್ಳಿತು. 2001ರ ಸೆಪ್ಟೆಂಬರ್ 11ರ ದಾಳಿಯಾದ ಮೇಲೆ ಟರ್ಮಿನಲ್‌ನಿಂದ 300 ಅಡಿಯೊಳಗೆ ಯಾರೂ ಕಾರು ನಿಲ್ಲಿಸಕೂಡದು ಎಂಬ ಅಪ್ಪಣೆ ಬಂತು. ಅನೇಕ ಕಡೆ ಹತ್ತಿರದ ಪಾರ್ಕಿಂಗ್ ರಾತ್ರೋರಾತ್ರಿ ಮುಚ್ಚಿಹೋಯಿತು. ಆಮೇಲೆ ಅದು ಸಡಿಲವಾಯಿತಾದರೂ ದೂರದ ಲಾಟಿನ ರೂಢಿ ಹೋಗಲಿಲ್ಲ. ಹೋಗದಿರಲು ಹಣದ ಕಾರಣವೂ ಇದೆ. ವಿಮಾನ ಕಂಪನಿಗಳು ಕಟ್ಟುವ ಶುಲ್ಕವನ್ನು ಬಿಟ್ಟರೆ ಅಲ್ಲಿನ ಹೆಚ್ಚಿನ ನಿಲ್ದಾಣಗಳಿಗೆ ದೊಡ್ಡ ಆದಾಯ ಪಾರ್ಕಿಂಗಿನದೇ. ಹತ್ತಿರದ ಜಾಗ ದುಬಾರಿ, ದೂರದ್ದು ಅಗ್ಗ ಎಂದು ಮೆಟ್ಟಿಲು ಕಟ್ಟಿದರೆ ಎರಡೂ ತುಂಬುತ್ತವೆ.

ಯಾರ ಬಸ್ಸು?

ಶಟಲ್‌ಗಳಲ್ಲಿ ಎರಡು ಕುಲ. ನಿಲ್ದಾಣದ ಆಡಳಿತವೇ ತನ್ನ ಲಾಟುಗಳಿಗೆ ಓಡಿಸುವುದು ಒಂದು. ಬಾಸ್ಟನ್ನಿನ ಲೋಗನ್ ನಿಲ್ದಾಣದಲ್ಲಿ ಊರ ಬಸ್ಸಿನ ಹಾಗೆ ಶಟಲ್‌ಗಳಿಗೂ ನಂಬರು ಕೊಟ್ಟಿದ್ದಾರೆ; ಎಕಾನಮಿ ಪಾರ್ಕಿಂಗಿಗೆ ಹೋಗುವುದು 88. ನಿಲ್ದಾಣದ ಬೇಲಿಯಾಚೆ ಖಾಸಗಿಯವರ ಲಾಟುಗಳು ಓಡಿಸುವುದು ಎರಡನೆಯದು. ಹೋಟೆಲುಗಳು ಮತ್ತು ಬಾಡಿಗೆ ಕಾರಿನವರು ಓಡಿಸುವ ಬಸ್ಸುಗಳೂ ಇದೇ ರಸ್ತೆಯಲ್ಲಿ, ಇದೇ ಸ್ಟಾಪುಗಳಲ್ಲಿ ನುಗ್ಗುತ್ತವೆ.

ಖಾಸಗಿ ಬಸ್ಸು ಯಾಕೆ ಬೇಗ ಬರುವುದಿಲ್ಲ ಎಂಬುದಕ್ಕೆ ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ಬಸ್ಸು ಟರ್ಮಿನಲ್ ರಸ್ತೆಗೆ ಬಂದ ಪ್ರತಿ ಸುತ್ತಿಗೂ ಹಲವು ನಿಲ್ದಾಣಗಳು ಶುಲ್ಕ ವಸೂಲಿ ಮಾಡುತ್ತವೆ. ಅದರ ಮೇಲೆ ಡ್ರೈವರನ ಸಂಬಳ, ಇಂಧನ. ಐದು ಜನರನ್ನು ಹಾಕಿಕೊಂಡು ಎರಡು ಸುತ್ತು ಹೊಡೆಯುವ ಬದಲು ಹತ್ತು ಜನರನ್ನು ಹಾಕಿಕೊಂಡು ಒಂದೇ ಸುತ್ತು ಹೊಡೆದರೆ ಮಾಲೀಕನಿಗೆ ಲಾಭ. ಹಾಗಾಗಿ ಬಸ್ಸು ಲಾಟಿನಲ್ಲೇ ಇಂಜಿನ್ ಗುರುಗುಟ್ಟಿಸುತ್ತ ನಿಂತಿರುತ್ತದೆ, ಇನ್ನೂ ಒಂದು ಕಾರು ಬರಲಿ ಎಂದು. ಒಳಗೆ ಕೂತವರು ಕೈಗಡಿಯಾರ ನೋಡಿಕೊಳ್ಳುತ್ತಾರೆ. ಡ್ರೈವರನನ್ನು ಬೈದು ಫಲವಿಲ್ಲ, ಹೊರಡುವ ಹೊತ್ತು ಅವನ ಕೈಯಲ್ಲಿಲ್ಲ.

ಹತ್ತು ನಿಮಿಷಕ್ಕೊಂದು ಬಸ್ಸು ಎಂಬ ಮಾತು

ಸ್ಟಾಪಿನ ಫಲಕದಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಎಂದು ಬರೆದಿರುತ್ತದೆ. ಇಪ್ಪತ್ತು ನಿಮಿಷ ಕಾದವನಿಗೆ ಅದು ಹಸಿ ಸುಳ್ಳು ಅನ್ನಿಸುತ್ತದೆ. ವಿಚಿತ್ರವೆಂದರೆ ಫಲಕ ಸುಳ್ಳು ಹೇಳದೆಯೂ ಇವನು ಅಷ್ಟು ಕಾಯಬಹುದು.

ಲೆಕ್ಕ ಸುಲಭ. ಬಸ್ಸುಗಳು ಸರಿಯಾಗಿ ಹತ್ತು ಹತ್ತು ನಿಮಿಷಕ್ಕೆ ಬಂದರೆ, ಯಾವಾಗಲೋ ಬಂದು ನಿಲ್ಲುವ ಪ್ರಯಾಣಿಕ ಸರಾಸರಿ 5 ನಿಮಿಷ ಕಾಯುತ್ತಾನೆ. ಈಗ ಅದೇ ಎರಡು ಬಸ್ಸುಗಳು ಒಂದರ ಬೆನ್ನಿಗೆ ಇನ್ನೊಂದು ಎರಡೇ ನಿಮಿಷದಲ್ಲಿ ಬಂದು, ಆಮೇಲೆ 18 ನಿಮಿಷ ಏನೂ ಬರದೆ ಇದ್ದರೆ? ಗಂಟೆಗೆ ಬಸ್ಸು ಅಷ್ಟೇ, ಸರಾಸರಿ ಅಂತರವೂ ಅದೇ ಹತ್ತು. ಆದರೆ ಹತ್ತು ಜನರಲ್ಲಿ ಒಂಬತ್ತು ಮಂದಿ ಸ್ಟಾಪಿಗೆ ಬರುವುದು ಆ 18 ನಿಮಿಷದ ಖಾಲಿಯಲ್ಲಿ. ಅವರನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೆ ಸರಾಸರಿ ಕಾಯುವಿಕೆ 8 ನಿಮಿಷ ದಾಟುತ್ತದೆ. ಕಂಪನಿಯವರು ಬಸ್ಸನ್ನು ಎಣಿಸುತ್ತಾರೆ, ಪ್ರಯಾಣಿಕರು ನಿಮಿಷವನ್ನು ಎಣಿಸುತ್ತಾರೆ. ಇಬ್ಬರ ಲೆಕ್ಕವೂ ಸರಿ.

ಬಸ್ಸುಗಳು ಜೋಡಿಯಾಗಿ ಬರುವುದು ಡ್ರೈವರುಗಳ ಹರಟೆಯಿಂದಲ್ಲ. ನ್ಯೂವೆಲ್ ಮತ್ತು ಪಾಟ್ಸ್ ಎಂಬ ಇಬ್ಬರು 1964ರಲ್ಲೇ ಇದನ್ನು ಗಣಿತದಿಂದ ವಿವರಿಸಿದರು. ಮುಂದಿನ ಬಸ್ಸು ಹೇಗೋ ಒಂದು ನಿಮಿಷ ತಡವಾಯಿತು ಎನ್ನಿ. ಅಷ್ಟರಲ್ಲಿ ಸ್ಟಾಪಿನಲ್ಲಿ ಇನ್ನೂ ನಾಲ್ಕು ಜನ ಸೇರಿರುತ್ತಾರೆ, ಅವರು ಹತ್ತಲು ಇನ್ನಷ್ಟು ಹೊತ್ತು, ಬಸ್ಸು ಇನ್ನಷ್ಟು ತಡ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬೇಗ ಬಂದು ಮುಂದಿನದರ ಬಾಲ ಹಿಡಿಯುತ್ತದೆ. ತನ್ನಷ್ಟಕ್ಕೆ ಬಿಟ್ಟರೆ ಈ ತಡ ಬೆಳೆಯುತ್ತದೆಯೇ ಹೊರತು ಸರಿಹೋಗುವುದಿಲ್ಲ. ಊರ ಬಸ್ಸಿನಲ್ಲಿ ಪ್ರತಿಯೊಬ್ಬ ಹತ್ತಲು ಎರಡು ಮೂರು ಸೆಕೆಂಡು ಹಿಡಿದರೆ, ಇಲ್ಲಿ ಪ್ರತಿಯೊಬ್ಬನ ಬೆನ್ನಿಗೆ ಸೂಟ್‌ಕೇಸುಗಳಿವೆ. ಆದ್ದರಿಂದ ಶಟಲ್‌ನಲ್ಲಿ ಈ ರೋಗ ಇನ್ನೂ ಜೋರು.

ಮದ್ದು ಇಲ್ಲದೆ ಇಲ್ಲ. ಬಾರ್ತೋಲ್ಡಿ ಮತ್ತು ಐಸನ್‌ಸ್ಟೈನ್ ಎಂಬ ಸಂಶೋಧಕರು 2012ರಲ್ಲಿ ವೇಳಾಪಟ್ಟಿಯನ್ನೇ ಕೈಬಿಡುವ ಒಂದು ಉಪಾಯ ಮುಂದಿಟ್ಟರು. ಬಸ್ಸು ಒಂದು ಗೊತ್ತಾದ ಜಾಗಕ್ಕೆ ಬಂದಾಗ, ತನ್ನ ಹಿಂದಿನ ಬಸ್ಸು ಎಷ್ಟು ದೂರದಲ್ಲಿದೆ ಎಂಬುದನ್ನು ನೋಡಿಕೊಂಡು ಅದಕ್ಕೆ ತಕ್ಕಷ್ಟು ನಿಂತು ಹೊರಡಬೇಕು, ಅಷ್ಟೇ. ಅಂತರ ತಾನೇ ಸಮನಾಗುತ್ತದೆ. ಅಟ್ಲಾಂಟಾದ ಜಾರ್ಜಿಯಾ ಟೆಕ್ ಕ್ಯಾಂಪಸ್ಸಿನ ಬಸ್ಸಿನಲ್ಲಿ ಇದನ್ನು ಓಡಿಸಿಯೂ ನೋಡಿದರು. ಇದಕ್ಕೆ ಬೇಕಾದದ್ದು ಬಸ್ಸು ಎಲ್ಲಿದೆ ಎಂದು ಹೇಳುವ ಒಂದು ಜಿಪಿಎಸ್ ಮತ್ತು ನಿಲ್ಲು ಅಂದಾಗ ನಿಲ್ಲುವ ಶಿಸ್ತು. ಎರಡೂ ಈಗ ದುಬಾರಿ ವಸ್ತುಗಳಲ್ಲ.

ಸೀಟು ಖಾಲಿ, ಬಸ್ಸು ಫುಲ್

ಲಾಟುಗಳು ಬಳಸುವ ಬಸ್ಸುಗಳಲ್ಲಿ ಬಹುಪಾಲು ವ್ಯಾನಿನ ಚಾಸಿಯ ಮೇಲೆ ಕೂರಿಸಿದ ಸಣ್ಣ ಬಸ್ಸುಗಳು. ಇಪ್ಪತ್ತರ ಆಸುಪಾಸು ಸೀಟು, ಬಾಗಿಲ ಪಕ್ಕ ಲಗೇಜಿಗೆ ಎರಡು ಮೂರು ಅಂತಸ್ತಿನ ಕಬ್ಬಿಣದ ರ‍್ಯಾಕು. ಒಂದು ಕೈಚೀಲ ಹಿಡಿದು ಓಡಾಡುವ ಆಫೀಸಿನವರಿಗೆ ಇದು ಸಾಕು. ಭಾರತದ ವಿಮಾನ ಇಳಿದಾಗ ಚಿತ್ರವೇ ಬೇರೆ. ತಲೆಗೆ 23 ಕಿಲೋದ ಎರಡು ಪೆಟ್ಟಿಗೆ, ಮೇಲೊಂದು ಕೈಚೀಲ. ಅಪ್ಪ ಅಮ್ಮ ಇಬ್ಬರೇ ಬಂದರೂ 92 ಕಿಲೋ: ಹುಳಿಪುಡಿ, ಚಟ್ನಿಪುಡಿ, ಮೊಮ್ಮಗಳ ರೇಷ್ಮೆ ಲಂಗ, ಯಾರೋ ನೆಂಟರು ಕೊಟ್ಟು ಕಳಿಸಿದ ಒಂದು ಕಟ್ಟು. ಇಂಥ ಮೂರು ಸಂಸಾರ ಹತ್ತಿದರೆ ರ‍್ಯಾಕು ತುಂಬಿತು. ಸೀಟು ಅರ್ಧ ಖಾಲಿಯಿದ್ದರೂ ಬಸ್ಸು ಮುಂದಿನ ಸ್ಟಾಪಿನಲ್ಲಿ ಯಾರನ್ನೂ ಹತ್ತಿಸಿಕೊಳ್ಳಲಾರದು. ಕಂಪನಿ ಸಾಮರ್ಥ್ಯ ಲೆಕ್ಕ ಹಾಕುವುದು ಸೀಟಿನಲ್ಲಿ, ಬಸ್ಸು ತುಂಬುವುದು ಪೆಟ್ಟಿಗೆಯಲ್ಲಿ.

ಪೆಟ್ಟಿಗೆ ಎತ್ತಿಡುವುದು ಸಾಮಾನ್ಯವಾಗಿ ಡ್ರೈವರೇ. ಅವನಿಗೆ ಪೆಟ್ಟಿಗೆಗೆ ಒಂದೋ ಎರಡೋ ಡಾಲರ್ ಟಿಪ್ಸ್ ಕೊಡುವುದು ಅಲ್ಲಿನ ಪದ್ಧತಿ. ಊರಿಂದ ಆಗಷ್ಟೇ ಇಳಿದವರ ಜೇಬಿನಲ್ಲಿ ಚಿಲ್ಲರೆ ನೋಟು ಇರುವುದಿಲ್ಲ, ಮುಜುಗರವಂತೂ ಇರುತ್ತದೆ.

ವಯಸ್ಸಾದವರಿಗೆ ಇನ್ನೊಂದು ಕಷ್ಟ. ನಮ್ಮ ಹಿರಿಯರು ಅನೇಕರು ವೀಲ್‌ಚೇರ್ ಸಹಾಯ ಕೇಳಿಕೊಂಡೇ ಪ್ರಯಾಣ ಮಾಡುತ್ತಾರೆ. ವಿಮಾನದ ಬಾಗಿಲಿನಿಂದ ಇಮಿಗ್ರೇಷನ್ ದಾಟಿಸಿ, ಲಗೇಜು ಕೊಡಿಸಿ, ಟರ್ಮಿನಲ್ ಮುಂದಿನ ರಸ್ತೆಬದಿಗೆ ಬಿಡುವವರೆಗೆ ಒಬ್ಬರು ತಳ್ಳುತ್ತಾರೆ. ಅವರ ಕೆಲಸ ಅಲ್ಲಿಗೆ ಮುಗಿಯಿತು. ಮುಂದೆ ಬಸ್ಸಿನ ಎತ್ತರದ ಮೆಟ್ಟಿಲು. ಅಮೆರಿಕದ 1990ರ ಅಂಗವಿಕಲರ ಕಾಯ್ದೆಯ ಪ್ರಕಾರ ಶಟಲ್‌ಗಳು ಗಾಲಿಕುರ್ಚಿಯವರಿಗೂ ಸೇವೆ ಕೊಡಲೇಬೇಕು, ಆದರೆ ಲಿಫ್ಟ್ ಇರುವ ಬಸ್ಸು ಬೇಕು ಎಂದು ಹೇಳಿ ಕರೆಸಿಕೊಳ್ಳಬೇಕಾಗಬಹುದು. ಎಂದರೆ ಮತ್ತೆ ಕಾಯುವುದು.

ವಾಪಸು ಬರುವಾಗಿನ ಪಾಡು

ಹೋಗುವಾಗ ತೊಂದರೆ ಕಡಿಮೆ, ಏಕೆಂದರೆ ಬಸ್ಸು ಹೊರಡುವುದೇ ಲಾಟಿನಿಂದ. ಕಾರಿನ ಸಾಲಿಗೇ ಬಂದು ಕರೆದುಕೊಂಡು ಹೋಗುವವರೂ ಇದ್ದಾರೆ. ವಾಪಸು ಬರುವಾಗ ಪ್ರಯಾಣಿಕ ಮೊದಲು ಹುಡುಕಬೇಕಾದದ್ದು ಸ್ಟಾಪನ್ನು. ಟ್ಯಾಕ್ಸಿಗೆ ಒಂದು ಬಣ್ಣದ ಬೋರ್ಡು, ಹೋಟೆಲ್ ಬಸ್ಸಿಗೆ ಇನ್ನೊಂದು, ಪಾರ್ಕಿಂಗಿಗೆ ಮತ್ತೊಂದು. ಇಳಿಸಿದ್ದು ಮೇಲಿನ ಅಂತಸ್ತಿನ ರಸ್ತೆಯಲ್ಲಾದರೆ ಹತ್ತಬೇಕಾದದ್ದು ಕೆಳಗಿನದರಲ್ಲಿ ಇರಬಹುದು. ಕಟ್ಟಡದ ಕಾಮಗಾರಿ ನಡೆಯುತ್ತಿದ್ದರೆ ಹೋದ ವಾರ ಇದ್ದ ಸ್ಟಾಪು ಈ ವಾರ ಇರುವುದಿಲ್ಲ.

ಲಾಸ್ ಏಂಜಲೀಸ್ ನಿಲ್ದಾಣದಲ್ಲಿ ಈ ಎಲ್ಲ ಕಷ್ಟವನ್ನೂ ಒಟ್ಟಿಗೆ ನೋಡಬಹುದು. ಅಲ್ಲಿನ ಟರ್ಮಿನಲ್‌ಗಳು ಒಂದು ದೊಡ್ಡ ಲಾಳಾಕಾರದ ರಸ್ತೆಯ ಸುತ್ತ ನಿಂತಿವೆ. ವಾಹನಗಳು 1ನೇ ಟರ್ಮಿನಲ್ ಕಡೆಯಿಂದ ಒಳಬಂದು, ನಡುವಿನಲ್ಲಿ ಅಂತರರಾಷ್ಟ್ರೀಯ ಟರ್ಮಿನಲ್ ಬಳಸಿಕೊಂಡು, 7ರ ಕಡೆಯಿಂದ ಹೊರಗೆ ಹೋಗುತ್ತವೆ. ಬಸ್ಸು ಮೊದಲ ಟರ್ಮಿನಲ್‌ಗಳಲ್ಲೇ ತುಂಬಿದರೆ ಕೊನೆಯಲ್ಲಿ ನಿಂತವರ ಎದುರು ಕೈ ಬೀಸಿ ಹೋಗುತ್ತದೆ. ಒಂದು ಬಸ್ಸಲ್ಲ, ದಟ್ಟಣೆಯ ಹೊತ್ತಿನಲ್ಲಿ ಎರಡು ಮೂರು. ಕೊನೆಯವರ ಪಾಲಿಗೆ ಎರಡು ಜಾಗ ಮೀಸಲಿಡಬೇಕು ಅನ್ನುವ ಬುದ್ಧಿ ಯಾವ ಲಾಟಿಗಾದರೂ ಬಂದರೆ ಅದು ದೊಡ್ಡ ಉಪಕಾರ.

ಆ ರಸ್ತೆಗೆ 1984ರ ಒಲಿಂಪಿಕ್ಸ್ ಹೊತ್ತಿಗೆ ಎರಡನೇ ಅಂತಸ್ತು ಕಟ್ಟಿದರು. ಅದೂ ಸಾಲದಾಯಿತು. 2019ರ ಅಕ್ಟೋಬರಿನಲ್ಲಿ ಟ್ಯಾಕ್ಸಿ ಮತ್ತು ಊಬರ್‌ಗಳು ಟರ್ಮಿನಲ್ ಮುಂದೆ ಜನರನ್ನು ಹತ್ತಿಸಿಕೊಳ್ಳಬಾರದೆಂದು ಅವನ್ನು 1ನೇ ಟರ್ಮಿನಲ್ ಪಕ್ಕದ ಲಾಟಿಗೆ ಕಳಿಸಿದರು. ಅಲ್ಲಿಗೆ ಕರೆದೊಯ್ಯಲು? ಮತ್ತೆ ಶಟಲ್ ಬಸ್ಸುಗಳು, ಈ ಸಲ ಹಸಿರು ಬಣ್ಣದವು. ಮೊದಲ ದಿನಗಳ ಸರತಿ ಸಾಲುಗಳು ಸುದ್ದಿಯಾದವು, ಲಾಟನ್ನು ವಿಸ್ತರಿಸಬೇಕಾಯಿತು.

ಬಸ್ಸಿಳಿದ ಮೇಲೂ ಮುಗಿಯುವುದಿಲ್ಲ. ಸಾವಿರಾರು ಕಾರುಗಳ ಬಯಲಿನಲ್ಲಿ ತನ್ನದು ಯಾವ ಸಾಲು ಎಂದು ನೆನಪಿಲ್ಲದೆ ಕೀಲಿಯ ಗುಂಡಿ ಒತ್ತುತ್ತ ಓಡಾಡುವವರನ್ನು ಯಾವ ರಾತ್ರಿಯಾದರೂ ಅಲ್ಲಿ ಕಾಣಬಹುದು.

ಐದು ನಿಮಿಷ ಯಾಕೆ ಅರ್ಧ ಗಂಟೆಯಾಗುತ್ತದೆ

ಕಾಯುವವರ ಮನಸ್ಸಿನ ಬಗ್ಗೆ ಡೇವಿಡ್ ಮೈಸ್ಟರ್ 1985ರಲ್ಲಿ ಬರೆದ ಪ್ರಬಂಧವನ್ನು ಸೇವಾ ಉದ್ಯಮದವರು ಈಗಲೂ ಓದುತ್ತಾರೆ. ಕೆಲಸವಿಲ್ಲದೆ ಕಾಯುವುದು ಕೆಲಸವಿದ್ದು ಕಾಯುವುದಕ್ಕಿಂತ ದೀರ್ಘವಾಗಿ ಕಾಣುತ್ತದೆ. ಎಷ್ಟು ಹೊತ್ತೆಂದು ಗೊತ್ತಿಲ್ಲದ್ದು ಗೊತ್ತಿರುವುದಕ್ಕಿಂತ, ಕಾರಣ ಹೇಳದ್ದು ಹೇಳಿದ್ದಕ್ಕಿಂತ, ಆತಂಕದಲ್ಲಿ ಕಾಯುವುದು ನೆಮ್ಮದಿಯಲ್ಲಿ ಕಾಯುವುದಕ್ಕಿಂತ ದೀರ್ಘ ಎಂಬುದು ಅದರ ಸಾರ. ಶಟಲ್ ಸ್ಟಾಪಿನಲ್ಲಿ ಈ ನಾಲ್ಕೂ ಒಟ್ಟಿಗೆ ಇವೆ. ಹೋಗುವಾಗ ವಿಮಾನ ತಪ್ಪೀತೆಂಬ ಆತಂಕ, ಬರುವಾಗ ನಿದ್ದೆಗೆಟ್ಟ ಮಗು. ಇದರ ಜೊತೆಗೆ ಬೇರೆ ಲಾಟಿನ ಬಸ್ಸುಗಳು ಒಂದಾದ ಮೇಲೊಂದು ಕಣ್ಣೆದುರೇ ಹಾದುಹೋಗುತ್ತವೆ. ಮೈಸ್ಟರ್ ಹೇಳುವ ಇನ್ನೊಂದು ಮಾತು, ಅನ್ಯಾಯವಾಗುತ್ತಿದೆ ಅನ್ನಿಸಿದರೆ ಕಾಯುವಿಕೆ ಇನ್ನೂ ಉದ್ದವಾಗುತ್ತದೆ ಎಂಬುದು, ಇಲ್ಲಿಗೆ ಅಳೆದು ಹೊಲಿಸಿದ ಹಾಗಿದೆ.

ಇದರಿಂದ ಹೊರಡುವ ತೀರ್ಮಾನ ನೇರವಾದದ್ದು. ಬಸ್ಸುಗಳ ಸಂಖ್ಯೆ ಹೆಚ್ಚಿಸಲು ದುಡ್ಡು ಬೇಕು. ಮುಂದಿನ ಬಸ್ಸು 12 ನಿಮಿಷದಲ್ಲಿ ಎಂದು ಸ್ಟಾಪಿನಲ್ಲಿ ತೋರಿಸಲು ಒಂದು ಪರದೆ ಸಾಕು. ಅದನ್ನೂ ಮಾಡದ ಲಾಟುಗಳ ಬಗ್ಗೆ ಕನಿಕರ ಪಡಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಬಸ್ಸಿನ ಬದಲು ಹಳಿ

ಶ್ರೀಮಂತ ನಿಲ್ದಾಣಗಳು ಈ ತಂಟೆಯೇ ಬೇಡವೆಂದು ಡ್ರೈವರಿಲ್ಲದ ರೈಲು ಹಾಕಿವೆ. ಷಿಕಾಗೋದ ಓಹೇರ್‌ನಲ್ಲಿ 1993ರಿಂದ, ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ 2003ರಿಂದ ಇಂಥ ರೈಲು ಟರ್ಮಿನಲ್‌ಗಳನ್ನೂ ದೂರದ ಪಾರ್ಕಿಂಗನ್ನೂ ಜೋಡಿಸುತ್ತಿದೆ. ಅರಿಜೋನಾದ ಫೀನಿಕ್ಸಿನಲ್ಲಿ 2013ರಲ್ಲಿ ಶುರುವಾದ ರೈಲಿನ ಮೊದಲ ನಿಲುಗಡೆಗಳಲ್ಲೇ ಎಕಾನಮಿ ಲಾಟು ಒಂದು.

ಲಂಡನ್ನಿನ ಹೀಥ್ರೂ ಇನ್ನೂ ಬೇರೆ ದಾರಿ ಹಿಡಿಯಿತು. 5ನೇ ಟರ್ಮಿನಲ್ ಮತ್ತು ಅದರ ಬಿಸಿನೆಸ್ ಕಾರ್ ಪಾರ್ಕಿನ ನಡುವೆ 2011ರಿಂದ 21 ಪುಟ್ಟ ಬ್ಯಾಟರಿ ಗಾಡಿಗಳು ತಮ್ಮದೇ ಪ್ರತ್ಯೇಕ ದಾರಿಯಲ್ಲಿ ಓಡುತ್ತಿವೆ. ಒಂದರಲ್ಲಿ ನಾಲ್ಕು ಜನ. ಬಾಗಿಲ ಬಳಿಯ ಪರದೆ ಮುಟ್ಟಿ ಎಲ್ಲಿಗೆ ಎಂದು ಹೇಳಿದರೆ ಹೊರಟಿತು, ದಾರಿಯಲ್ಲಿ ಎಲ್ಲೂ ನಿಲ್ಲುವುದಿಲ್ಲ. ಇಲ್ಲಿ ಬಹುತೇಕ ಗಾಡಿಯೇ ಪ್ರಯಾಣಿಕನಿಗಾಗಿ ಕಾಯುತ್ತದೆ. ಇಷ್ಟು ಚೆನ್ನಾಗಿದ್ದರೂ ಇದು ಒಂದು ದುಬಾರಿ ಪಾರ್ಕಿಂಗಿನವರ ಸೌಲಭ್ಯವಾಗಿಯೇ ಉಳಿದಿದೆ.

ಹಳಿಗೂ ಅದರದೇ ಗ್ರಹಚಾರವಿದೆ. ಓಹೇರ್ ತನ್ನ ರೈಲನ್ನು ಹೊಸದು ಮಾಡಲು 2019ರ ಜನವರಿಯಲ್ಲಿ ಪೂರ್ತಿ ನಿಲ್ಲಿಸಿತು. ಮತ್ತೆ ಓಡಿದ್ದು 2021ರ ನವೆಂಬರಿನಲ್ಲಿ. ನಡುವಿನ ಅವಧಿಯನ್ನು ನಿಭಾಯಿಸಿದ್ದು ಶಟಲ್ ಬಸ್ಸೇ. ಲಾಸ್ ಏಂಜಲೀಸ್ ಕಟ್ಟುತ್ತಿರುವ 2.25 ಮೈಲಿಯ ರೈಲು 2023ರಲ್ಲಿ ಓಡಬೇಕಿತ್ತು. 2025 ಮುಗಿದಾಗಲೂ ಓಡಿರಲಿಲ್ಲ.

ಬೆಂಗಳೂರಿನಲ್ಲಿ

ಕೆಂಪೇಗೌಡ ನಿಲ್ದಾಣಕ್ಕೆ ಹೋಗುವ ಬಹುಪಾಲು ಜನ ಕ್ಯಾಬಿನಲ್ಲೋ ಬಿಎಂಟಿಸಿಯ ವಾಯುವಜ್ರದಲ್ಲೋ ಹೋಗುತ್ತಾರೆ, ಇಲ್ಲವೇ ಮನೆಯವರು ಬಿಟ್ಟು ಬರುತ್ತಾರೆ. ವಾರಗಟ್ಟಲೆ ಕಾರು ಬಿಟ್ಟು ಹೋಗುವ ಅಭ್ಯಾಸ ನಮ್ಮಲ್ಲಿ ಅಮೆರಿಕದಷ್ಟು ಬೆಳೆದಿಲ್ಲ. ಶಟಲ್ ನಮಗೆ ಎದುರಾಗುವುದು ಬೇರೆ ಕಡೆ. ಎರಡನೇ ಟರ್ಮಿನಲ್‌ನಿಂದ 2023ರ ಜನವರಿಯಲ್ಲಿ ದೇಶದೊಳಗಿನ ವಿಮಾನಗಳು ಹಾರತೊಡಗಿದವು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳೂ ಅಲ್ಲಿಗೆ ಹೋದವು. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವವರಿಗೆ, ಟರ್ಮಿನಲ್ ಯಾವುದೆಂದು ನೋಡದೆ ಬಂದವರಿಗೆ ನಡುವೆ ಉಚಿತ ಬಸ್ಸಿದೆ. ಮೆಟ್ರೋ ನೀಲಿ ಮಾರ್ಗ ಬಂದ ಮೇಲೆ ಊರಿಗೆ ಹೋಗುವ ಕಷ್ಟ ಕಡಿಮೆಯಾದೀತು. ಟರ್ಮಿನಲ್‌ಗಳ ನಡುವಿನ ಓಡಾಟ ಬೇರೆಯೇ ಪ್ರಶ್ನೆ.

ಕಾರು ಬಿಡುವ ಮುನ್ನ

ಅಮೆರಿಕದಲ್ಲಿರುವ ಓದುಗರು, ಅಲ್ಲಿಗೆ ಮಕ್ಕಳನ್ನು ನೋಡಲು ಹೋಗುವವರು ಕೆಲವು ಸಂಗತಿ ನೆನಪಿಟ್ಟುಕೊಂಡರೆ ಒಳ್ಳೆಯದು. ಲಾಟಿನ ದರ ಹೋಲಿಸುವಾಗ ಬಸ್ಸು 24 ಗಂಟೆಯೂ ಓಡುತ್ತದೆಯೇ, ತಾನಾಗಿ ಸುತ್ತುತ್ತಿರುತ್ತದೆಯೇ ಅಥವಾ ಫೋನ್ ಮಾಡಿದರೆ ಮಾತ್ರ ಬರುತ್ತದೆಯೇ ಎಂದು ಕೇಳಿ. ಫೋನ್ ಮಾಡಬೇಕಾದ ಕಡೆ ಲಗೇಜು ಕೈಗೆ ಬಂದ ಮೇಲೇ ಮಾಡಿ, ಇಲ್ಲದಿದ್ದರೆ ಬಸ್ಸು ಬಂದು ಹೋಗುತ್ತದೆ. ಕಾರು ನಿಲ್ಲಿಸಿದ ಸಾಲಿನ ನಂಬರನ್ನೂ ಇಳಿದ ಸ್ಟಾಪಿನ ಬೋರ್ಡನ್ನೂ ಫೋಟೋ ತೆಗೆದುಕೊಳ್ಳಿ. ವಿಮಾನಕ್ಕೆ ಎಷ್ಟು ಮುಂಚೆ ಹೋಗಬೇಕೆಂದಿದೆಯೋ ಅದಕ್ಕಿಂತ ಅರ್ಧ ಗಂಟೆ ಮೊದಲೇ ಲಾಟಿನಲ್ಲಿರಿ. ಇಬ್ಬರು ಮೂವರು ಸೇರಿ ಎರಡು ದಿನದ ಮಟ್ಟಿಗೆ ಹೋಗುವುದಾದರೆ ಟರ್ಮಿನಲ್ ಗ್ಯಾರೇಜಿನ ದರವನ್ನೂ ಒಮ್ಮೆ ನೋಡಿ, ವ್ಯತ್ಯಾಸ ಅಂದುಕೊಂಡಷ್ಟು ಇರಲಿಕ್ಕಿಲ್ಲ. ಭಾರತದಿಂದ ಬರುವ ತಂದೆತಾಯಿಯನ್ನು ಕರೆತರಲು ಹೋದಾಗಲಂತೂ ಶಟಲ್ ಬೇಡವೇ ಬೇಡ. ಹತ್ತಿರದ ಗ್ಯಾರೇಜಿನಲ್ಲೇ ಒಂದೆರಡು ಗಂಟೆ ನಿಲ್ಲಿಸಿ, ದುಡ್ಡು ಕೊಟ್ಟು ಬನ್ನಿ.